ಹಿಟ್ಟು ತಿಂದರೆ ತಾನೇ ಬೆಟ್ಟ ಕೀಳುವುದು!

ಏಕಚಕ್ರನಗರದಲ್ಲಿ ಪಾಂಡವರು ವೇಷ ಮರೆಸಿಕೊಂಡು ಇದ್ದ ಕಾಲ. ಭಿಕ್ಷೆ ಬೇಡಿ ತಂದದ್ದನ್ನೆಲ್ಲ ಕುಂತಿಯ ಮುಂದೆ ಇಡುತ್ತಿದ್ದರು. ಅವಳು ಅದನ್ನು ಆರು ಜನಕ್ಕೆ ಆರು ಪಾಲು ಮಾಡುತ್ತಿರಲಿಲ್ಲ. ಎರಡೇ ಪಾಲು. ಒಂದು ಪಾಲು ಇಡಿಯಾಗಿ ಭೀಮನಿಗೆ, ಇನ್ನೊಂದರಲ್ಲಿ ಉಳಿದ ನಾಲ್ವರು ಮಕ್ಕಳೂ ತಾನೂ. ಈ ಕಥೆ ಹೇಳಿದಾಗಲೆಲ್ಲ ಯಾವುದಾದರೂ ಮೊಮ್ಮಗು "ಇದು ಮೋಸ ಅಲ್ವಾ ಅಜ್ಜಿ?" ಎಂದು ಕೇಳಿಯೇ ಕೇಳುತ್ತದೆ. ಮೋಸವಲ್ಲ, ಲೆಕ್ಕ. ಅರಗಿನ ಮನೆಗೆ ಬೆಂಕಿ ಬಿದ್ದ ರಾತ್ರಿ ಅಮ್ಮನನ್ನೂ ಅಣ್ಣ ತಮ್ಮಂದಿರನ್ನೂ ಹೊತ್ತುಕೊಂಡು ಕಾಡು ದಾಟಿಸಿದವನು ಯಾರು? ಹೊರುವವನಿಗೆ ಹೆಚ್ಚು ಬೇಕು ಎಂಬುದು ಆ ತಾಯಿಗೆ ಗೊತ್ತಿತ್ತು.

ಬಕಾಸುರನ ಬಳಿಗೆ ಹೋದಾಗಲೂ ಅಷ್ಟೇ. ಬಂಡಿ ಅನ್ನ ಮೊದಲು ಹೊಟ್ಟೆಗೆ, ಕಾಳಗ ಆಮೇಲೆ. ಮುಂದೆ ವಿರಾಟನ ಅರಮನೆಯಲ್ಲಿ ವಲಲ ಎಂಬ ಹೆಸರಿನಲ್ಲಿ ಸೌಟು ಹಿಡಿದವನೂ ಭೀಮನೇ, ಅಲ್ಲಿ ಹೆಸರಾಂತ ಮಲ್ಲನನ್ನು ನೆಲಕ್ಕೆ ಕೆಡವಿದವನೂ ಭೀಮನೇ. ಅಡುಗೆಮನೆಗೂ ಗರಡಿಮನೆಗೂ ನಡುವೆ ಬಾಗಿಲು ಇರಬೇಕು, ಗೋಡೆ ಇರಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಈಗ ನಿಮ್ಮ ಮನೆಯ ಕಡೆ ತಿರುಗಿ ನೋಡಿ, ಮಕ್ಕಳೇ. ಅಪ್ಪನಿಗೋ ಅಮ್ಮನಿಗೋ ನಲವತ್ತೈದು ದಾಟಿರಬಹುದು. ಸೊಂಟನೋವು, ಮಂಡಿನೋವು, ಸಕ್ಕರೆ ಅಂಶ ಸ್ವಲ್ಪ ಮೇಲೆ, ಯಾವುದೋ ಒಂದು ಕಾರಣಕ್ಕೆ ಡಾಕ್ಟರು "ಬರೀ ವಾಕಿಂಗ್ ಸಾಲದು, ಸ್ವಲ್ಪ ಭಾರ ಎತ್ತುವ ವ್ಯಾಯಾಮ ಮಾಡಿ" ಎಂದಿದ್ದಾರೆ. ಸರಿ, ಜಿಮ್ ಸೇರಿದ್ದಾಯಿತು, ಇಲ್ಲವೇ ಮಂಚದ ಕೆಳಗೆ ಒಂದು ಜೊತೆ ಡಂಬೆಲ್ ಬಂದಿದ್ದಾಯಿತು. ಜೊತೆಗೇ ಇನ್ನೊಂದು ವ್ರತವೂ ಶುರುವಾಗುತ್ತದೆ: ರಾತ್ರಿ ಅನ್ನ ಬಿಡುವುದು, ತುಪ್ಪ ಬಿಡುವುದು, ತಿಂಡಿಗೆ ಎರಡು ಇಡ್ಲಿಯ ಬದಲು ಒಂದು ಬಟ್ಟಲು ಹಣ್ಣು. ಮೊದಲ ಎರಡು ತಿಂಗಳು ಎಲ್ಲವೂ ಚೆನ್ನ. ಎರಡು ಕಿಲೋದಿಂದ ನಾಲ್ಕು, ನಾಲ್ಕರಿಂದ ಐದು. ಆಮೇಲೆ ಗಾಡಿ ನಿಂತೇಬಿಡುತ್ತದೆ. ಅದೇ ಐದು ಕಿಲೋ ಒಂದು ದಿನ ಹಗುರ, ಒಂದು ದಿನ ಕಲ್ಲಿನಂತೆ ಭಾರ. ಮಧ್ಯಾಹ್ನ ತೂಕಡಿಕೆ, ರಾತ್ರಿ ಮೂರು ಗಂಟೆಗೆ ಎಚ್ಚರ, ಸಣ್ಣ ಮಾತಿಗೂ ಸಿಡಿಮಿಡಿ. ಕೊನೆಗೆ "ನಮಗೆ ವಯಸ್ಸಾಯಿತು ಕಣ್ರೀ, ಇದೆಲ್ಲ ಹುಡುಗರಿಗೆ" ಎಂಬ ತೀರ್ಮಾನ. ಡಂಬೆಲ್‌ಗಳು ಬಾಗಿಲು ಹೊಡೆದುಕೊಳ್ಳದಂತೆ ಅಡ್ಡ ಇಡುವುದಕ್ಕೆ ಬಳಕೆಯಾಗುತ್ತವೆ.

ವಯಸ್ಸಿನ ಮೇಲೆ ಹಾಕಿದ ಈ ತಪ್ಪು ಅನೇಕ ಬಾರಿ ತಟ್ಟೆಯದು. ಅದನ್ನೇ ಈ ವಾರ ಸ್ವಲ್ಪ ಬಿಡಿಸಿ ನೋಡೋಣ.

ಎರಡು ತಿಂಗಳ ಗುಟ್ಟು

ಮೊದಲ ಕೆಲವು ವಾರ ಬಲ ಹೆಚ್ಚಿದ್ದು ಸ್ನಾಯು ಬೆಳೆದು ಅಲ್ಲ. ಇದ್ದ ಸ್ನಾಯುವನ್ನೇ ಚೆನ್ನಾಗಿ ಬಳಸುವುದನ್ನು ಮಿದುಳೂ ನರಗಳೂ ಕಲಿತುಕೊಂಡವು, ಅಷ್ಟೇ. ಸೈಕಲ್ ಕಲಿಯುವಾಗ ಮೊದಲ ವಾರ ಬೀಳುತ್ತೀರಿ, ಎರಡನೇ ವಾರ ಓಡಿಸುತ್ತೀರಿ. ಅಷ್ಟರಲ್ಲಿ ಕಾಲು ದಪ್ಪಗಾಯಿತೇ? ಇಲ್ಲ. ಹಾಗೆಯೇ ಇದು. ಈ ಕಲಿಕೆಗೆ ಹೆಚ್ಚಿನ ಊಟ ಬೇಕಾಗಿಲ್ಲ. ಆದರೆ ಕಲಿಯುವುದು ಮುಗಿದ ಮೇಲೆ ಮುಂದಿನ ಬಲ ಬರಬೇಕಾದರೆ ಸ್ನಾಯುವೇ ದಪ್ಪಗಾಗಬೇಕು. ಹೊಸದಾಗಿ ಕಟ್ಟಬೇಕು. ಕಟ್ಟುವುದಕ್ಕೆ ಇಟ್ಟಿಗೆಯೂ ಬೇಕು, ಕೂಲಿಯೂ ಬೇಕು. ಇಟ್ಟಿಗೆ ಎಂದರೆ ಪ್ರೋಟೀನ್. ಕೂಲಿ ಎಂದರೆ ಒಟ್ಟು ಊಟದಿಂದ ಬರುವ ಶಕ್ತಿ, ನಾವು ಕ್ಯಾಲರಿ ಎನ್ನುವುದು.

ಭಾರ ಎತ್ತಿದಾಗ ಸ್ನಾಯುವಿಗೆ ಒಂದು ಸಂದೇಶ ಹೋಗುತ್ತದೆ: "ಇದು ಸಾಲದು, ಇನ್ನಷ್ಟು ಗಟ್ಟಿಯಾಗು." ಆ ಸಂದೇಶದ ಪ್ರಭಾವ ಒಂದೆರಡು ದಿನ ಇರುತ್ತದೆ. ಆ ಹೊತ್ತಿನಲ್ಲಿ ನಾವು ಉಂಡದ್ದರಲ್ಲಿ ಇಟ್ಟಿಗೆ ಇದ್ದರೆ ಗೋಡೆ ಏಳುತ್ತದೆ. ಇಲ್ಲದಿದ್ದರೆ ಮೇಸ್ತ್ರಿ ಬಂದು ಸುಮ್ಮನೆ ಕುಳಿತು ಹೋದಂತೆ. ಇನ್ನೂ ಊಟ ತೀರಾ ಕಡಿಮೆಯಾದರೆ ದೇಹವು ಇದ್ದ ಗೋಡೆಯನ್ನೇ ಕೆಡವಿ ಒಲೆಗೆ ಹಾಕುತ್ತದೆ. ಅದಕ್ಕೆ ಆ ಹೊತ್ತಿಗೆ ಹೃದಯ, ಮಿದುಳು ನಡೆಯುವುದು ಮುಖ್ಯ. ನಿಮ್ಮ ತೋಳು ಅದರ ದೃಷ್ಟಿಯಲ್ಲಿ ಖರ್ಚು ಮಾಡಬಹುದಾದ ಆಸ್ತಿ.

ನಡುವಯಸ್ಸಿನಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಮೂವತ್ತು ದಾಟಿದ ಮೇಲೆ ಸುಮ್ಮನೆ ಕುಳಿತವರ ಸ್ನಾಯು ಪ್ರತಿ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಕರಗುತ್ತಾ ಹೋಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ 1980ರ ದಶಕದ ಕೊನೆಗೆ ಇದಕ್ಕೆ 'ಸಾರ್ಕೊಪೀನಿಯ' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯ ಆ ಮಾತನ್ನು ಬಿಡಿಸಿದರೆ 'ಮಾಂಸಕ್ಕೆ ಬಂದ ಬಡತನ' ಎಂದಾಗುತ್ತದೆ. ಎಷ್ಟು ಸರಿಯಾದ ಹೆಸರು! ಅಜ್ಜಿಯ ಕೈಬಳೆ ಮೊಣಕೈವರೆಗೂ ಜಾರುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಾಗಿಲ್ಲ.

ಜೊತೆಗೆ, ವಯಸ್ಸಾದ ಸ್ನಾಯುವಿಗೆ ಕಿವಿ ಸ್ವಲ್ಪ ಮಂದ. ಇಪ್ಪತ್ತರ ಹುಡುಗನಿಗೆ ಒಂದು ಹೊತ್ತಿನ ಊಟದಲ್ಲಿ ಹದಿನೈದು ಇಪ್ಪತ್ತು ಗ್ರಾಂ ಪ್ರೋಟೀನ್ ಸಿಕ್ಕರೆ ಸ್ನಾಯು ಕಟ್ಟುವ ಕೆಲಸ ಜೋರಾಗಿ ಶುರುವಾಗುತ್ತದೆ. ಐವತ್ತು ಅರವತ್ತರವರಿಗೆ ಅದೇ ಕೆಲಸಕ್ಕೆ ಇಪ್ಪತ್ತೈದು ಮೂವತ್ತು ಗ್ರಾಂ ಬೇಕಾಗುತ್ತದೆ. ಅಂದರೆ ವಯಸ್ಸಾದಂತೆ ತಟ್ಟೆಯಲ್ಲಿ ಕಾಳು, ಬೇಳೆ, ಹಾಲು, ಮೊಟ್ಟೆ ಹೆಚ್ಚಬೇಕು. ನಾವು ಮಾಡುವುದು ಸರಿಯಾಗಿ ತಿರುಗುಮುರುಗು. "ವಯಸ್ಸಾಯ್ತು, ಸ್ವಲ್ಪ ಗಂಜಿ ಸಾಕು" ಎನ್ನುತ್ತೇವೆ.

"ನಲವತ್ತಾದ ಮೇಲೆ ಮೈ ಏನನ್ನೂ ಕರಗಿಸುವುದಿಲ್ಲ, ಅದಕ್ಕೇ ಊಟ ಕಡಿಮೆ ಮಾಡಿದೆ" ಎನ್ನುವವರೂ ಇದ್ದಾರೆ. 29 ದೇಶಗಳ 6,400ಕ್ಕೂ ಹೆಚ್ಚು ಜನರ ದೇಹ ದಿನಕ್ಕೆ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಎಂದು ಅಳೆದ ದೊಡ್ಡ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಎಂಟು ದಿನದ ಕೂಸಿನಿಂದ 95 ವರ್ಷದವರವರೆಗೂ ಅದರಲ್ಲಿ ಇದ್ದರು. ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೆ ಇಪ್ಪತ್ತರಿಂದ ಅರವತ್ತರವರೆಗೆ ಆ ಖರ್ಚು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು! ಹೊಟ್ಟೆ ಬಂದದ್ದಕ್ಕೆ ನಲವತ್ತರ ಹುಟ್ಟುಹಬ್ಬವನ್ನು ದೂರುವಂತಿಲ್ಲ. ಕುರ್ಚಿ, ಕಾರು, ಸಂಜೆಯ ಬೋಂಡಾ ಇವುಗಳನ್ನು ಬೇಕಾದರೆ ವಿಚಾರಿಸಿಕೊಳ್ಳಬಹುದು.

ಗರಡಿಯವರು ಬಲ್ಲ ಮಾತು

ಈ ವಿದ್ಯೆ ನಮಗೆ ಹೊಸದೇನೂ ಅಲ್ಲ. ಅಜ್ಜಂದಿರೇ, ನೀವು ಮೊಮ್ಮಕ್ಕಳನ್ನು ಒಮ್ಮೆ ಮೈಸೂರಿನ ಹಳೆಯ ಗರಡಿಮನೆಯೊಂದಕ್ಕೆ ಕರೆದುಕೊಂಡು ಹೋಗಿ. ತಗ್ಗು ಬಾಗಿಲು, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಕೆಮ್ಮಣ್ಣಿನ ಅಖಾಡ, ಗೋಡೆಗೆ ಒರಗಿಸಿಟ್ಟ ಗದೆಗಳು, ಒಂದು ಮೂಲೆಯಲ್ಲಿ ಆಂಜನೇಯ. ದಸರೆಯ ಕುಸ್ತಿಗೆ ಹೊಸ ಹುಡುಗರನ್ನು ಅಣಿಗೊಳಿಸುವ ಉಸ್ತಾದರು ಇಂದಿಗೂ ಇದ್ದಾರೆ. ದಂಡ, ಬಸ್ಕಿ ಎಷ್ಟು ಹೊಡೆದೆ ಎಂದು ಕೇಳುವ ಉಸ್ತಾದ್ ಅದೇ ಉಸಿರಿನಲ್ಲಿ ಏನು ತಿಂದೆ ಎಂದೂ ಕೇಳುತ್ತಾನೆ. ರಾತ್ರಿ ನೆನೆಸಿ ಬೆಳಿಗ್ಗೆ ಅರೆದ ಬಾದಾಮಿ, ಹಾಲು, ತುಪ್ಪ, ನೆನೆಗಡಲೆ, ಮೊಟ್ಟೆ, ಮಾಂಸ. ಬಡ ಮನೆಯ ಹುಡುಗ ಗರಡಿಗೆ ಸೇರಿದರೆ ಊರಿನ ಯಾರಾದರೂ ಉಳ್ಳವರು ಅವನ ಹಾಲಿನ ಖರ್ಚು ವಹಿಸಿಕೊಳ್ಳುವ ಪದ್ಧತಿ ಇತ್ತು. ಸಾಮು ಬಿಟ್ಟಿ ಸಿಗುತ್ತದೆ, ಹಾಲು ಬಿಟ್ಟಿ ಸಿಗುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು.

ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿ ಎಷ್ಟೋ ತರುಣರ ಮೈ ಹುರಿಗೊಳಿಸಿದ ಕೆ.ವಿ. ಅಯ್ಯರ್ ಅವರ ಹೆಸರು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದವರು ಅವರೇ. ಲೇಖಣಿ ಹಿಡಿದ ಕೈಯೇ ಭಾರವನ್ನೂ ಎತ್ತುತ್ತಿತ್ತು ಎಂದು ಮೊಮ್ಮಕ್ಕಳಿಗೆ ಹೇಳಿ, ನಂಬಲಿಕ್ಕಿಲ್ಲ.

ಗರಡಿಯವರು ಇನ್ನೊಂದು ಪಾಠವನ್ನೂ ಕಣ್ಣೆದುರೇ ಕಂಡಿದ್ದರು. ಸಾಮು ಬಿಟ್ಟು ಊಟ ಬಿಡದ ಪೈಲ್ವಾನನ ಮೈ ಐದಾರು ವರ್ಷದಲ್ಲಿ ಊದಿ ಮಂಡಿ ಸೋಲುತ್ತದೆ. ಆದ್ದರಿಂದ 'ತಿನ್ನಿ' ಎಂದು ನಾನು ಬರೆಯುತ್ತಿರುವುದು ಭಾರ ಎತ್ತುವವರಿಗೆ. ಟೀವಿಯ ಮುಂದೆ ಕುಳಿತು ಈ ಲೇಖನ ತೋರಿಸಿ ಇನ್ನೆರಡು ಹೋಳಿಗೆ ಕೇಳುವವರಿಗೆ ಅಲ್ಲ.

ಈ ಎರಡೂ ಪಾಠ ಒಂದೇ ಕಡೆ ಸಿಗುವ ಪರೀಕ್ಷೆಯೊಂದು ಅಮೆರಿಕದ ಬಾಸ್ಟನ್ನಿನಲ್ಲಿ ನಡೆಯಿತು. ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಸಂಗಡಿಗರು ಅದನ್ನು 1994ರಲ್ಲಿ ಪ್ರಕಟಿಸಿದರು. ವೃದ್ಧರ ಆರೈಕೆ ಕೇಂದ್ರದಲ್ಲಿದ್ದ ನೂರು ಮಂದಿ, ಸರಾಸರಿ ವಯಸ್ಸು 87. ಹಲವರು ಕೋಲು, ನಡಿಗೆಯ ಚೌಕಟ್ಟು ಹಿಡಿದು ಓಡಾಡುವವರು. ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಕಾಲಿನಿಂದ ಭಾರ ತಳ್ಳುವ ವ್ಯಾಯಾಮ, ಒಂದಕ್ಕೆ ದಿನವೂ 360 ಕ್ಯಾಲರಿಯ ಪೌಷ್ಟಿಕ ಪಾನೀಯ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಎರಡೂ ಇಲ್ಲ. ಹತ್ತು ವಾರ ಕಳೆಯಿತು. ವ್ಯಾಯಾಮ ಮಾಡಿದವರ ಕಾಲಿನ ಬಲ ದುಪ್ಪಟ್ಟಿಗಿಂತ ಹೆಚ್ಚಾಗಿತ್ತು, ಮೆಟ್ಟಿಲು ಹತ್ತುವುದು, ನಡೆಯುವುದು ಸುಧಾರಿಸಿತ್ತು. 87 ವರ್ಷಕ್ಕೆ! ಬರೀ ಪಾನೀಯ ಕುಡಿದವರಲ್ಲಿ ಅಂಥ ಬದಲಾವಣೆ ಏನೂ ಇಲ್ಲ.

ಆ ವರದಿಯಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಸಣ್ಣ ಸಂಗತಿ. ವ್ಯಾಯಾಮವಿಲ್ಲದೆ ಪಾನೀಯ ಕುಡಿದವರು ಊಟದ ಹೊತ್ತಿಗೆ ಅಷ್ಟೇ ಕಡಿಮೆ ಉಂಡರು. ಒಟ್ಟು ಆಹಾರ ನಿಜವಾಗಿ ಹೆಚ್ಚಿದ್ದು ವ್ಯಾಯಾಮವನ್ನೂ ಮಾಡಿ ಪಾನೀಯವನ್ನೂ ಕುಡಿದವರಲ್ಲಿ ಮಾತ್ರ. "ಅಜ್ಜ ಏನು ಕೊಟ್ಟರೂ ತಿನ್ನುವುದಿಲ್ಲ" ಎಂದು ಕೊರಗುವ ಸೊಸೆಯಂದಿರು ಇದನ್ನು ಎರಡು ಸಲ ಓದಬೇಕು. ತಟ್ಟೆಗೆ ಇನ್ನೊಂದು ಸೌಟು ಬಡಿಸುವ ಮೊದಲು ಅಜ್ಜನನ್ನು ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕುಳಿತುಕೊಳ್ಳಲು ಹೇಳಿ ನೋಡಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಅಮ್ಮನ ತಟ್ಟೆ

ಈಗ ಲೆಕ್ಕಕ್ಕೆ ಬರೋಣ. ಮಕ್ಕಳು ಪೆನ್ಸಿಲ್ ಹಿಡಿಯಿರಿ.

ಒಬ್ಬ ಅಮ್ಮ. ತೂಕ 60 ಕಿಲೋ ಎಂದಿಟ್ಟುಕೊಳ್ಳಿ. ವಾರಕ್ಕೆ ಮೂರು ದಿನ ಭಾರ ಎತ್ತುತ್ತಾರೆ. ಅವರ ಒಂದು ದಿನದ ಊಟ ಹೀಗಿದೆ. ಬೆಳಿಗ್ಗೆ ಕಾಫಿ, 2 ಗ್ರಾಂ ಪ್ರೋಟೀನ್. ತಿಂಡಿಗೆ ಮೂರು ಇಡ್ಲಿ, ಕಾಯಿಚಟ್ನಿ, 6 ಗ್ರಾಂ. ಮಧ್ಯಾಹ್ನ ಒಂದೂವರೆ ಬಟ್ಟಲು ಅನ್ನ, ತಿಳಿಸಾರು, ಬೀನ್ಸ್ ಪಲ್ಯ, ನೀರುಮಜ್ಜಿಗೆ, ಎಲ್ಲ ಸೇರಿ 10 ಗ್ರಾಂ. ಸಂಜೆ ಟೀ, ಎರಡು ಬಿಸ್ಕತ್ತು, 2 ಗ್ರಾಂ. ರಾತ್ರಿ "ಲೈಟಾಗಿ" ಎರಡು ಚಪಾತಿ, ತರಕಾರಿ ಪಲ್ಯ, 8 ಗ್ರಾಂ. ಕೂಡಿಸಿ. 28 ಬಂತೇ?

ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವ ಪ್ರಮಾಣ, ಸಾಮಾನ್ಯ ಆರೋಗ್ಯಕ್ಕೆ, ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಈ ಅಮ್ಮನಿಗೆ ಅದು 50 ಗ್ರಾಂ. ಭಾರ ಎತ್ತುವ ನಡುವಯಸ್ಸಿನವರಿಗೆ ಕಿಲೋಗೆ 1.2ರಿಂದ 1.6 ಗ್ರಾಂ ಇದ್ದರೆ ಒಳ್ಳೆಯದು ಎಂದು ಈ ವಿಷಯ ಬಲ್ಲವರು ಹೇಳುತ್ತಾರೆ. ಅಂದರೆ ಕನಿಷ್ಠ 72. ಇವರ ತಟ್ಟೆಯಲ್ಲಿ ಇರುವುದು 28. ಕ್ಯಾಲರಿಯ ಕಥೆಯೂ ಅಷ್ಟೇ. ಆ ಊಟ ಅಂದಾಜು 1,100 ಕ್ಯಾಲರಿ. 55 ಕಿಲೋ ತೂಕದ, ಕುಳಿತು ಕೆಲಸ ಮಾಡುವ ಹೆಂಗಸಿಗೇ ದಿನಕ್ಕೆ 1,660 ಬೇಕು ಎಂದು ಅದೇ ಮಂಡಳಿ ಲೆಕ್ಕ ಹಾಕಿದೆ. ಗಾರೆ ಕೆಲಸಕ್ಕೆ ಜನ ಕರೆದು ಅರ್ಧ ದಿನದ ಕೂಲಿಯನ್ನೂ ಕೊಡದೆ ಗೋಡೆ ಏಕೆ ಎದ್ದಿಲ್ಲ ಎಂದು ಕೇಳಿದರೆ ಹೇಗೆ?

ಇದು ಅಮ್ಮ ಬೇಕೆಂದೇ ಮಾಡಿದ ಪಥ್ಯವೂ ಆಗಿರಬೇಕಿಲ್ಲ. ಎಷ್ಟೋ ಮನೆಗಳಲ್ಲಿ ಹುಳಿಯ ತಳದಲ್ಲಿ ಕುಳಿತ ಬೇಳೆ ಮೊದಲು ಉಂಡವರ ತಟ್ಟೆಗೆ ಹೋಗಿರುತ್ತದೆ. ಮೊಸರಿನ ಗಟ್ಟಿ ಭಾಗ ಮಕ್ಕಳಿಗೆ, ಮೊಟ್ಟೆ ಎಣಿಸಿ ತಂದಿದ್ದರೆ ಅಪ್ಪನಿಗೂ ಮಕ್ಕಳಿಗೂ. ಕೊನೆಗೆ ಕೂರುವವಳಿಗೆ ಪಾತ್ರೆಯಲ್ಲಿ ಉಳಿದದ್ದು. ಕುಂತಿ ಭೀಮನಿಗೆ ಅರ್ಧ ಪಾಲು ಕೊಟ್ಟಳು, ಸರಿ. ತನಗೆ ಎಷ್ಟು ಉಳಿಸಿಕೊಂಡಳು ಎಂದು ಕಥೆ ಕೇಳುವ ನಾವು ಯಾರೂ ಕೇಳಿಲ್ಲ. ಐವತ್ತರ ಆಸುಪಾಸಿನಲ್ಲಿ ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯತೊಡಗುತ್ತದೆ. ಆಗ ಸ್ನಾಯುವೂ ಸೊರಗಿದರೆ ಬಚ್ಚಲಲ್ಲಿ ಒಂದು ಸಲ ಜಾರಿದ್ದೇ ಸಾಕು, ಸೊಂಟದ ಮೂಳೆ ಮುರಿಯುವುದಕ್ಕೆ. ಆಮೇಲೆ ತಿಂಗಳುಗಟ್ಟಲೆ ಹಾಸಿಗೆ. ಎದ್ದ ಮೇಲೂ ಮೊದಲಿನ ನಡಿಗೆ ಎಲ್ಲರಿಗೂ ಬರುವುದಿಲ್ಲ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ನಿಮ್ಮ ಬೀದಿಯಲ್ಲೇ ಇಂಥ ಒಂದು ಮನೆ ಇರುತ್ತದೆ.

ಅದೇ ಅಡುಗೆ, ಬೇರೆ ಅಳತೆ

ಇದಕ್ಕೆ ಹೊಸ ಅಡುಗೆ ಕಲಿಯಬೇಕಾಗಿಲ್ಲ. ಅದೇ ಮೂರು ಇಡ್ಲಿ ಇರಲಿ. ಜೊತೆಗೆ ಬೇಳೆ ಧಾರಾಳವಾಗಿ ಹಾಕಿದ ಗಟ್ಟಿ ಸಾಂಬಾರು ಒಂದು ಬಟ್ಟಲು, ಒಂದು ಲೋಟ ಹಾಲು ಅಥವಾ ಒಂದು ಮೊಟ್ಟೆ. ತಿಂಡಿಯ ಪ್ರೋಟೀನ್ 6ರಿಂದ 18ಕ್ಕೆ ಏರುತ್ತದೆ. ಮಧ್ಯಾಹ್ನ ಅನ್ನ ಒಂದು ಬಟ್ಟಲಿಗೆ ಇಳಿಸಿ ಹುಳಿಯನ್ನು ದೊಡ್ಡ ಬಟ್ಟಲು ಮಾಡಿ, ಹೆಸರುಕಾಳಿನ ಉಸಲಿಯೋ ಪಲ್ಯವೋ ಒಂದು ಬಟ್ಟಲು, ನೀರುಮಜ್ಜಿಗೆಯ ಬದಲು ಒಂದು ಬಟ್ಟಲು ಮೊಸರು. ಸುಮಾರು 22 ಗ್ರಾಂ. ಸಂಜೆ ಬಿಸ್ಕತ್ತಿನ ಜಾಗದಲ್ಲಿ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಅದರಲ್ಲೇ 7 ಗ್ರಾಂ. ರಾತ್ರಿ ಮೂರು ಚಪಾತಿ, ಕಡಲೆಕಾಳಿನ ಗೊಜ್ಜು, ಮಲಗುವ ಮೊದಲು ಒಂದು ಲೋಟ ಹಾಲು, ಮತ್ತೆ 22. ಎರಡು ಕಾಫಿಯ ಹಾಲೂ ಸೇರಿದರೆ ಎಪ್ಪತ್ತು ದಾಟಿತು. ಕ್ಯಾಲರಿ 1,900ರ ಆಸುಪಾಸು. ಕಿರಾಣಿ ಅಂಗಡಿಯ ಸಾಮಾನೇ, ಒಂದೂ ಬಣ್ಣದ ಡಬ್ಬ ಇಲ್ಲ.

ಡಬ್ಬ ಎಂದಾಗ ನೆನಪಾಯಿತು. ಜಿಮ್‌ನಲ್ಲಿ ಸಿಗುವ 'ವೇ ಪ್ರೋಟೀನ್' ಪುಡಿ ಎಂದರೆ ಬೇರೇನೂ ಅಲ್ಲ, ಹಾಲು ಒಡೆದಾಗ ಪನೀರು ಬೇರೆಯಾಗಿ ಉಳಿಯುವ ತಿಳಿನೀರು ಇದೆಯಲ್ಲ, ಅದರಿಂದ ಬೇರ್ಪಡಿಸಿ ಒಣಗಿಸಿದ್ದು. ವಿಷವಲ್ಲ, ಅಮೃತವೂ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂತ್ರಗಳಲ್ಲಿ ಮೈ ಬೆಳೆಸಲೆಂದು ಇಂಥ ಪುಡಿಗಳ ಮೊರೆಹೋಗಬೇಡಿ ಎಂದೇ ಹೇಳಿದೆ. ನನ್ನ ಅಭಿಪ್ರಾಯವೂ ಅದೇ. ಮೊದಲು ಪಾತ್ರೆಯಲ್ಲಿರುವ ಬೇಳೆ ತಟ್ಟೆಗೆ ಬರಲಿ.

ಬೇಳೆಯಲ್ಲೂ ಒಂದು ಜಾಣತನ ಇದೆ. ಅಕ್ಕಿ, ಗೋಧಿ, ರಾಗಿಯಂಥ ಧಾನ್ಯಗಳ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಕೊರತೆಯಾಗುವ ಮೆಥಿಯೋನಿನ್ ಧಾನ್ಯದಲ್ಲಿ ಸಿಗುತ್ತದೆ. ಎರಡೂ ಸೇರಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಅಕ್ಕಿ ಉದ್ದಿನ ಇಡ್ಲಿ, ಬಿಸಿಬೇಳೆಭಾತ್, ಹೆಸರುಬೇಳೆ ಪೊಂಗಲ್, ಜೋಳದ ರೊಟ್ಟಿಗೆ ಮಡಕಿಕಾಳಿನ ಪಲ್ಯ, ಮುದ್ದೆಗೆ ಹುರುಳಿಸಾರು. ನಮ್ಮ ಅಜ್ಜಿಯರು ಈ ಜೋಡಿಗಳನ್ನು ಯಾವ ಪ್ರಯೋಗಶಾಲೆಯನ್ನೂ ಕೇಳದೆ ಕೂಡಿಸಿದ್ದರು. ಕಾಲ ಕಳೆದಂತೆ ಜೋಡಿ ಉಳಿಯಿತು, ಅಳತೆ ಕೆಟ್ಟಿತು. ಅನ್ನ ಬೆಟ್ಟದಷ್ಟು, ಬೇಳೆ ಸಾರಿನಲ್ಲಿ ಹುಡುಕಿದರೆ ಸಿಗುವಷ್ಟು.

ಬಸ್ಸಾರು ಮಾಡುವ ಮನೆಗಳಲ್ಲಿ ಒಂದು ಎಚ್ಚರ ಬೇಕು. ಕಾಳು ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಉಳಿದ ಕಾಳು ಸೊಪ್ಪಿನಿಂದ ಪಲ್ಯ. ಸಾರು ಎಷ್ಟು ರುಚಿಯೋ, ಪ್ರೋಟೀನ್ ಬಹುಪಾಲು ಕುಳಿತಿರುವುದು ಪಲ್ಯದಲ್ಲಿ. ಮುದ್ದೆಯನ್ನು ಸಾರಿಗೆ ಅದ್ದಿ ಅದ್ದಿ ನುಂಗಿ ಪಲ್ಯವನ್ನು ಪಕ್ಕಕ್ಕೆ ತಳ್ಳುವವರು ಇಟ್ಟಿಗೆ ಬಿಟ್ಟು ಬಣ್ಣ ಕೊಂಡಂತೆ. ಮುದ್ದೆಯ ಬಗ್ಗೆ ನನ್ನ ತಕರಾರು ಏನೂ ಇಲ್ಲ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ 7 ಗ್ರಾಂ ಪ್ರೋಟೀನ್, ಮೂಳೆಗೆ ಬೇಕಾದ ಸುಣ್ಣದ ಅಂಶ 340 ಮಿಲಿಗ್ರಾಂಗೂ ಹೆಚ್ಚು. ಹಿಟ್ಟಂ ತಿಂದು ಬೆಟ್ಟಂ ಕಿತ್ತಿಟ್ಟಂ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇರುವಾಗ ನಾನು ಹೇಳಿಕೊಡುವುದೇನೂ ಇಲ್ಲ. ನೂರು ಗ್ರಾಂ ಮೀನು, ಸುಮಾರು 20 ಗ್ರಾಂ ಪ್ರೋಟೀನ್, ಲೆಕ್ಕ ಮುಗಿಯಿತು.

ಒಂದೇ ಹೊತ್ತಿಗೆ ಎಲ್ಲವನ್ನೂ ತುಂಬಿಸುವುದು ಬೇಡ. ಬೆಳಿಗ್ಗೆ ಬರೀ ಕಾಫಿ, ಮಧ್ಯಾಹ್ನ ಡಬ್ಬಿಯ ಚಿತ್ರಾನ್ನ, ರಾತ್ರಿ ಮಾತ್ರ ಭರ್ಜರಿ ಊಟ ಎನ್ನುವ ಪದ್ಧತಿ ಸ್ನಾಯುವಿಗೆ ಒಗ್ಗದು. ಮೂರು ಹೊತ್ತೂ ಹಂಚಿ ಕೊಡಬೇಕು. ಶನಿವಾರವೋ ಏಕಾದಶಿಯೋ ಒಪ್ಪೊತ್ತು ಮಾಡುವವರು ಅದನ್ನು ಬಿಡಬೇಕಿಲ್ಲ. ಆ ದಿನ ಭಾರ ಎತ್ತುವುದನ್ನು ಬೇರೆ ದಿನಕ್ಕೆ ಹಾಕಿಕೊಂಡರಾಯಿತು.

ಹೊಟ್ಟೆ ಕರಗಿಸಲೂ ಬೇಕು, ಬಲವೂ ಬೇಕು ಎನ್ನುವವರು ಏನು ಮಾಡಬೇಕು? ಮೈಯಲ್ಲಿ ಕೊಬ್ಬಿನ ದಾಸ್ತಾನು ಇರುವವರಿಗೆ ಕೂಲಿಯ ಒಂದಂಶ ಅಲ್ಲಿಂದಲೇ ಸಿಗುತ್ತದೆ. ಹಾಗಾಗಿ ಅವರು ಸಕ್ಕರೆ, ಕರಿದದ್ದು, ಒಂದು ಸೌಟು ಅನ್ನ ಕಡಿಮೆ ಮಾಡಬಹುದು. ಇಟ್ಟಿಗೆಯನ್ನು ಮಾತ್ರ ಕಡಿಮೆ ಮಾಡುವಂತಿಲ್ಲ. ವಾರಕ್ಕೆ ಎರಡು ಕಿಲೋ ಇಳಿಸುವ ಪಥ್ಯ, ಜೊತೆಗೆ ದಿನ ದಿನಕ್ಕೆ ಹೆಚ್ಚುವ ಡಂಬೆಲ್, ಈ ಎರಡು ಕುದುರೆಗಳನ್ನು ಒಂದೇ ಗಾಡಿಗೆ ಎದುರುಬದುರಾಗಿ ಕಟ್ಟಬೇಡಿ. ತೆಳ್ಳಗಿರುವವರಂತೂ ಧೈರ್ಯವಾಗಿ ಉಣ್ಣಬೇಕು. ತಿಂಗಳಿಗೆ ಅರ್ಧ ಕಿಲೋ ತೂಕ ಏರಿದರೆ ಗಾಬರಿ ಬೇಡ.

ಇಲ್ಲಿ ಒಂದು ಗೆರೆ ಎಳೆಯಲೇಬೇಕು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಹೃದಯದ ತೊಂದರೆ ಇರುವವರು ವ್ಯಾಯಾಮವನ್ನೂ ಊಟವನ್ನೂ ಬದಲಿಸುವ ಮೊದಲು ಅವರ ಡಾಕ್ಟರ ಜೊತೆ ಕುಳಿತು ಮಾತಾಡಬೇಕು. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೂ ಹಾಗೆಯೇ.

ಕರು ಹೊತ್ತವನ ಕಥೆ, ಒಂದು ನೋಟ್‌ಬುಕ್ಕು

ಗ್ರೀಕರಲ್ಲಿ ಮಿಲೋ ಎಂಬ ಜಟ್ಟಿ ಇದ್ದ. ಕ್ರಿಸ್ತಪೂರ್ವ ಆರನೇ ಶತಮಾನದವನು. ಊರು ಕ್ರೋಟನ್, ಇಂದಿನ ಇಟಲಿಯ ದಕ್ಷಿಣಕ್ಕೆ. ಹುಟ್ಟಿದ ಕರುವೊಂದನ್ನು ದಿನವೂ ಹೆಗಲ ಮೇಲೆ ಹೊತ್ತನಂತೆ. ಕರು ದಿನ ದಿನ ಬೆಳೆಯಿತು, ಇವನ ಬಲವೂ ಬೆಳೆಯಿತು, ಕೊನೆಗೆ ಗೂಳಿಯನ್ನೇ ಹೊತ್ತ. ಸ್ವಲ್ಪ ಸ್ವಲ್ಪವೇ ಭಾರ ಹೆಚ್ಚಿಸಿ ಎಂದು ಹೇಳುವಾಗ ಜಿಮ್ ಕಲಿಸುವವರು ಇಂದಿಗೂ ಈ ಕಥೆ ಹೇಳುತ್ತಾರೆ. ಕಥೆಯ ಇನ್ನರ್ಧವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆ ಮಿಲೋ ದಿನಕ್ಕೆ ಎಂಟೊಂಬತ್ತು ಕಿಲೋ ಮಾಂಸ, ಅಷ್ಟೇ ತೂಕದ ರೊಟ್ಟಿ ತಿನ್ನುತ್ತಿದ್ದನೆಂದೂ ಹಳೆಯ ಗ್ರೀಕ್ ಬರಹಗಾರರು ಹೇಳಿದ್ದಾರೆ. ಕರುವೂ ಉತ್ಪ್ರೇಕ್ಷೆ, ಮಾಂಸವೂ ಉತ್ಪ್ರೇಕ್ಷೆ ಇರಬಹುದು. ಆದರೆ ಕಥೆ ಕಟ್ಟಿದವನು ಎರಡನ್ನೂ ಜೊತೆಗೇ ಇಟ್ಟಿದ್ದ ಎಂಬುದನ್ನು ಗಮನಿಸಿ.

ಮಕ್ಕಳಿಗೆ ಈ ವಾರ ಒಂದು ಕೆಲಸ. ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಎರಡು ಕಾಲಂ ಎಳೆಯಿರಿ. ಒಂದರಲ್ಲಿ ಅಮ್ಮ ಅಥವಾ ಅಪ್ಪ ಎತ್ತಿದ ಭಾರ, ಎಷ್ಟು ಸಲ ಎಂದು. ಇನ್ನೊಂದರಲ್ಲಿ ಅವರು ಆ ದಿನ ತಿಂದದ್ದು, ಒಂದನ್ನೂ ಬಿಡದೆ. ತಿಂದೆ ಎಂದು ಹೇಳಿದ್ದನ್ನಲ್ಲ, ನೀವು ಕಣ್ಣಾರೆ ಕಂಡದ್ದನ್ನು. ಏಳು ದಿನ ಬರೆದ ಮೇಲೆ ಭಾನುವಾರ ಅಜ್ಜಿಯ ಪಕ್ಕ ಕುಳಿತು ಕೂಡಿಸಿ. ಒಂದು ಇಡ್ಲಿಗೆ ಒಂದೂಮುಕ್ಕಾಲು ಗ್ರಾಂ, ಒಂದು ಚಪಾತಿಗೆ 3, ಒಂದು ಬಟ್ಟಲು ಅನ್ನಕ್ಕೆ 4, ಒಂದು ಮೊಟ್ಟೆಗೆ 6, ಒಂದು ಲೋಟ ಹಾಲಿಗೆ ಆರೂವರೆ, ಒಂದು ಬಟ್ಟಲು ಕಾಳಿನ ಪಲ್ಯಕ್ಕೆ 7 ಎಂದು ಹಿಡಿದರೆ ಸಾಕು. ಮೂರು ವಾರ ಭಾರ ಒಂದೇ ಕಡೆ ನಿಂತಿದ್ದರೆ ಮೊದಲು ಎರಡನೆಯ ಕಾಲಂ ನೋಡಿ. ನಿದ್ದೆ ಎಷ್ಟು ಗಂಟೆ ಎಂದೂ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ, ಕೆಲವೊಮ್ಮೆ ಕಳ್ಳ ಅಲ್ಲೇ ಸಿಗುತ್ತಾನೆ.

ಅಜ್ಜಿಯರಿಗೂ ಒಂದು ಕೆಲಸ ಇದೆ. ಬಡಿಸುವ ಸೌಟು ಈ ವಾರ ನಿಮ್ಮ ಕೈಯಲ್ಲಿರಲಿ, ಎಲ್ಲರೂ ಒಟ್ಟಿಗೆ ಕೂರಲಿ. ಹುಳಿಯನ್ನು ಪ್ರತಿ ಸಲವೂ ತಳದಿಂದ ಕಲಕಿ ಬಡಿಸಿ. "ನನಗೆ ಸಾಕತ್ತೆ" ಎಂದು ಸೊಸೆ ತಟ್ಟೆಗೆ ಕೈ ಅಡ್ಡ ಹಿಡಿದರೆ ನೀವು ಕೇಳುವವರಲ್ಲ ಎಂದು ನನಗೆ ಗೊತ್ತು. ಆಮೇಲೆ ನಿಮ್ಮ ತಟ್ಟೆಗೂ ಅಷ್ಟೇ ಹಾಕಿಕೊಳ್ಳಿ.

ಇವತ್ತು ರಾತ್ರಿಯೇ ಶುರುಮಾಡುವುದಾದರೆ ನಾಲ್ವರಿಗೆ ಎರಡು ಹಿಡಿ ಹೆಸರುಕಾಳು ಸಾಕು. ಎಂಟು ಗಂಟೆ ನೆನೆಯಲಿ. ಬೆಳಿಗ್ಗೆ ನೀರು ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿನ ಕಡೆ ಇಟ್ಟರೆ ಸಂಜೆಯ ಹೊತ್ತಿಗೆ ಪುಟ್ಟ ಮೊಳಕೆ ಬಂದಿರುತ್ತದೆ. ಆವಿಯಲ್ಲಿ ಸ್ವಲ್ಪ ಬೇಯಿಸಿ, ಸಾಸಿವೆ, ಕರಿಬೇವಿನ ಒಗ್ಗರಣೆ ಹಾಕಿ, ಮೇಲೆ ಕಾಯಿತುರಿ, ನಿಂಬೆರಸ. ಅಜ್ಜನಿಗೆ ಹಲ್ಲು ಇಲ್ಲದಿದ್ದರೆ ಇನ್ನೊಂದಿಷ್ಟು ಹೊತ್ತು ಬೇಯಿಸಿ ಸೌಟಿನಲ್ಲಿ ಮಸೆದು ಕೊಡಿ.